ಬೆಟ್ಟ ಹತ್ತಿದ ಕಸ ಯಾರ ಮನೆಯದು?

ಶನಿವಾರ, ನಸುಕಿನ ನಾಲ್ಕೂವರೆ. ಕಳವಾರದ ಪಾಪಾಗ್ನಿ ಮಠದ ಹತ್ತಿರ ಕಾರಿನ ಬಾಗಿಲು ತೆಗೆದ ಕೂಡಲೇ ಚಳಿ ಒಳಗೆ ನುಗ್ಗುತ್ತದೆ. ಎದುರಿಗೆ ಬೆಟ್ಟವಿದೆ ಎಂಬುದು ಇನ್ನೂ ಕಣ್ಣಿಗೆ ಕಾಣುತ್ತಿಲ್ಲ. ಆಕಾಶಕ್ಕೆ ಅಂಟಿಕೊಂಡಂತೆ ಸಾಲಾಗಿ ಮೇಲೇರುತ್ತಿರುವ ಟಾರ್ಚುಗಳನ್ನು ನೋಡಿ, ಓಹೋ ಸ್ಕಂದಗಿರಿ ಇಲ್ಲೇ ಇದೆ ಎಂದುಕೊಳ್ಳುತ್ತೀರಿ. ನಿಮ್ಮ ಹಿಂದೆ ಇನ್ನೂ ಐದಾರು ಕಾರು, ಒಂದು ಟೆಂಪೊ ಟ್ರಾವೆಲರ್ ಬಂದು ನಿಲ್ಲುತ್ತವೆ. ಎಲ್ಲವೂ ಬೆಂಗಳೂರಿನವೇ. ಒಂದು ನಾಯಿ ಎಲ್ಲರ ಕಾಲೂ ಮೂಸಿ ನೋಡಿ, ಇವರೆಲ್ಲ ಪ್ರತಿ ವಾರದವರೇ ಎಂಬಂತೆ ಹೋಗಿ ಮುದುರಿಕೊಳ್ಳುತ್ತದೆ.

ಟಿಕೆಟ್ ಮುಂಗಡವಾಗಿಯೇ ಅರಣ್ಯ ಇಲಾಖೆಯ ಜಾಲತಾಣದಲ್ಲಿ ತೆಗೆದಿದ್ದೀರಿ. ಫೋನ್ ತೋರಿಸಿದಿರಿ, ಹೆಸರು ನೋಡಿದ್ದಾಯಿತು. ಮಫ್ಲರ್ ಸುತ್ತಿಕೊಂಡ ಗೈಡ್ ಹುಡುಗ, ಇದೇ ಊರಿನವನು, ನಿಮ್ಮ ಬೆನ್ನಿನ ಚೀಲದ ಕಡೆ ಟಾರ್ಚ್ ಬಿಡುತ್ತಾನೆ.

"ಬ್ಯಾಗಲ್ಲಿ ಏನೇನೈತೆ ಸಾರ್?"

ಜಿಪ್ ಎಳೆಯುತ್ತೀರಿ. ಲೀಟರಿನ ನೀರಿನ ಬಾಟಲಿಗಳು, ಚಿಪ್ಸ್ ಪ್ಯಾಕೆಟ್ಟುಗಳು, ಬಿಸ್ಕತ್ತು, ಚಾಕಲೇಟು, ಮುಖ ಒರೆಸಿಕೊಳ್ಳುವ ಒದ್ದೆ ಕಾಗದದ ಪೊಟ್ಟಣ, ಮನೆಯಿಂದ ಕಟ್ಟಿಸಿಕೊಂಡ ಚಿತ್ರಾನ್ನದ ಸ್ಟೀಲ್ ಡಬ್ಬಿ. ಹುಡುಗ ಡಬ್ಬಿಯನ್ನು ಮಾತ್ರ ಮೆಚ್ಚುಗೆಯಿಂದ ತಟ್ಟುತ್ತಾನೆ.

"ಎಣಿಸ್ಕೊಂಬಿಡಿ ಸಾರ್. ಎಷ್ಟು ಹತ್ತುತ್ತೋ ಅಷ್ಟೂ ಇಳೀಬೇಕು."

ಇವುಗಳಲ್ಲಿ ನಿಷೇಧವಾದದ್ದು ಯಾವುದು ಎಂದು ನೀವು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಥರ್ಮಾಕೋಲ್ ಎಲ್ಲವನ್ನೂ ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಸ್ಟ್ರಾ, ಚಮಚ, ಕಿವಿಕಡ್ಡಿಯವರೆಗೆ ಒಂದು ಪಟ್ಟಿಯನ್ನೇ ದೇಶಕ್ಕೆಲ್ಲ ನಿಷೇಧಿಸಿತು. ನೀರಿನ ಬಾಟಲಿ ಆ ಪಟ್ಟಿಯಲ್ಲಿಲ್ಲ. ಚಿಪ್ಸ್ ಪ್ಯಾಕೆಟ್ಟೂ ಇಲ್ಲ. ಬೆಟ್ಟಕ್ಕೆ ಜನ ಹೊತ್ತು ತರುವುದು ಸ್ಟ್ರಾ, ಕಿವಿಕಡ್ಡಿಗಳನ್ನಲ್ಲವಲ್ಲ! ಯಾವುದನ್ನು ತರುತ್ತಾರೋ ಅದನ್ನು ಈ ನಿಷೇಧಗಳು ಮುಟ್ಟಿಲ್ಲ. ಹಾಗಾಗಿ ಇಲ್ಲಿ ಕಾನೂನಿನ ಕೆಲಸವನ್ನು ಈ ಹುಡುಗನ ಟಾರ್ಚೇ ಮಾಡಬೇಕು.

ಹತ್ತಲು ಶುರು. ಮೊದಲು ಕುರುಚಲು ಗಿಡಗಳ ನಡುವಿನ ಮಣ್ಣಿನ ದಾರಿ, ಆಮೇಲೆ ಬಂಡೆ, ಅದರ ಮೇಲೆ ಮತ್ತೊಂದು ಬಂಡೆ. ತೊಡೆ ನಡುಗತೊಡಗಿದಾಗ ಗೊತ್ತಾಗುತ್ತದೆ, ದುರ್ಗವೆಂದು ಸುಮ್ಮನೆ ಕರೆಯಲಿಲ್ಲ ಎಂದು. ಊರವರಿಗೆ ಇದು ಕಳವಾರ ದುರ್ಗ. ಪಂಚಗಿರಿಗಳಲ್ಲಿ ಒಂದಾದ ಸ್ಕಂದಗಿರಿ ಎಂಬ ಹೆಸರು ಹೆಚ್ಚಾಗಿ ಓಡಾಡುವುದು ನಿಮ್ಮಂಥವರ ಫೋನಿನಲ್ಲಿ. ಬಗ್ಗಿ ಬಂಡೆ ಹಿಡಿದಾಗ ನಿಮ್ಮ ಹಣೆಯ ದೀಪ ಬಿರುಕಿನೊಳಕ್ಕೆ ಬೀಳುತ್ತದೆ. ಅಲ್ಲಿ ಏನೋ ಪಳಕ್ಕನೆ ಹೊಳೆಯುತ್ತದೆ. ಹಾವಿನ ಕಣ್ಣಿರಬಹುದೇ ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತೀರಿ. ಗುಟ್ಕಾ ಸ್ಯಾಷೆ. ಪಕ್ಕದಲ್ಲಿ ಟಾಫಿ ಕಾಗದ. ಇನ್ನೊಂದು ತಿರುವಿನಲ್ಲಿ, ದಣಿದವರು ಕೂರುವ ಚಪ್ಪಟೆ ಬಂಡೆಯ ಹಿಂದೆ, ಒಂದು ಸಣ್ಣ ಗುಡ್ಡೆಯೇ ಇದೆ. ಕಸ ಬೆಟ್ಟದ ಮೇಲೆಲ್ಲ ಸಮನಾಗಿ ಹರಡಿಲ್ಲ. ಜನ ಎಲ್ಲೆಲ್ಲಿ ಉಸಿರು ಬಿಡುತ್ತಾರೋ ಅಲ್ಲಲ್ಲಿ ಬಿದ್ದಿದೆ. ಯಾವ ತಿರುವು ಕಡಿದು ಎಂದು ತಿಳಿಯಲು ನಕಾಶೆ ಬೇಡ.

ಗೈಡ್ ನಿಂತು ಎರಡು ಬಾಟಲಿ ಹೆಕ್ಕಿ, ಕಾಲಿನಿಂದ ತುಳಿದು ಚಪ್ಪಟೆ ಮಾಡಿ ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಸ್ಯಾಷೆಯನ್ನು ಮುಟ್ಟುವುದಿಲ್ಲ. ಯಾಕೆ ಎಂದು ಕೇಳಿದರೆ ಸಂಕೋಚವೇ ಇಲ್ಲದೆ ಹೇಳುತ್ತಾನೆ: "ಬಾಟ್ಲಿಗೆ ಗುಜರೀಲಿ ದುಡ್ಡು ಬರ್ತೈತೆ ಸಾರ್. ಅದಕ್ಕೆ ಯಾರೂ ಕೊಡಲ್ಲ."

ಕಸ ವಿಂಗಡಣೆಯ ಬಗ್ಗೆ ಕಾರ್ಯಾಗಾರಗಳಲ್ಲಿ ಹೇಳುವುದೆಲ್ಲ ಈ ಎರಡು ವಾಕ್ಯದಲ್ಲಿದೆ. ಬೆಲೆಯಿರುವ ಕಸಕ್ಕೆ ತಾನಾಗಿಯೇ ಒಬ್ಬ ಯಜಮಾನ ಹುಟ್ಟಿಕೊಳ್ಳುತ್ತಾನೆ. ಬೆಲೆಯಿಲ್ಲದ್ದು ಬಂಡೆಯ ಸಂದಿನಲ್ಲಿ ಉಳಿಯುತ್ತದೆ.

"ಮೇಲೆ ಒಂದು ಕಸದ ಡಬ್ಬ ಇಡಬಾರದಾ?" ಏದುಸಿರಿನ ನಡುವೆ ಕೇಳುತ್ತೀರಿ. ಬರುವವರೆಲ್ಲ ಇದನ್ನೇ ಕೇಳುತ್ತಾರಂತೆ.

"ಇಟ್ರೆ ಇಳಿಸೋರು ಯಾರು ಸಾರ್? ನಿಮ್ ಬೀದೀಲಿ ಡಬ್ಬ ತುಂಬಿದ್ರೆ ಗಾಡಿ ಬರ್ತೈತೆ. ಇಲ್ಲಿಗೆ ಗಾಡಿ ಬರಲ್ಲ, ನಾನೇ ಬರ್ಬೇಕು. ಡಬ್ಬ ಐತೆ ಅಂತ ಗೊತ್ತಾದ್ರೆ ಕೆಳಗಡೆಯಿಂದಾನೂ ತಂದು ತುಂಬಿಸ್ತಾರೆ. ಕೋತಿ ಬಂದು ಬೀಳಿಸ್ತೈತೆ. ಗಾಳಿ ಹೊತ್ಕೊಂಡು ಹೋಯ್ತೈತೆ."

ಅವನ ಮಾತು ನಿಜ. ಬೆಂಗಳೂರಿನಲ್ಲೇ ಬೀದಿ ತೊಟ್ಟಿಗಳನ್ನು ತೆಗೆದುಹಾಕಿದ್ದು ಇದೇ ಕಾರಣಕ್ಕೆ: ತೊಟ್ಟಿ ಇದ್ದ ಕಡೆ ಅದರ ಸುತ್ತ ಹತ್ತು ಅಡಿ ಕಸ.

ಕೋಟೆಯ ಮುರುಕು ಗೋಡೆ ದಾಟಿದರೆ ತುದಿ. ಪೂರ್ವದಲ್ಲಿ ಬೂದು ಬಣ್ಣ ಕಿತ್ತಳೆಗೆ ತಿರುಗುತ್ತಿದೆ. ನೀವು ಕೂರಲು ಕಲ್ಲು ಹುಡುಕುವಷ್ಟರಲ್ಲಿ, ಕೆಳಗಿನ ಬಯಲೆಲ್ಲ ಮೋಡದಲ್ಲಿ ಮುಚ್ಚಿಹೋಗಿರುವುದು ಕಾಣುತ್ತದೆ. ಅತ್ತ ನಂದಿಬೆಟ್ಟದ ತಲೆ ಮಾತ್ರ ಹೊರಗೆ. ಸುತ್ತ ನಿಂತವರೆಲ್ಲ ಹೋ ಎನ್ನುತ್ತಾರೆ, ನೀವೂ ಹೋ ಎನ್ನುತ್ತೀರಿ. ಈ ಒಂದು ಗಳಿಗೆಗಾಗಿ ಮೂರು ಗಂಟೆಗೆ ಎದ್ದದ್ದು ಸಾರ್ಥಕ, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಎಲ್ಲರಿಗೂ ಒಟ್ಟಿಗೇ ಹಸಿವು. ಬೆಟ್ಟದ ತುಂಬ ಚರಚರ ಪ್ಯಾಕೆಟ್ ಹರಿಯುವ ಸದ್ದು. ನಿಮ್ಮ ಪಕ್ಕದ ಹುಡುಗಿ ಹಲ್ಲಿನಿಂದ ಚಿಪ್ಸ್ ಪ್ಯಾಕೆಟ್ಟಿನ ಮೂಲೆ ಕಚ್ಚಿ, ಚೂರನ್ನು ತುಟಿಯಿಂದ ಫೂ ಎಂದು ಊದುತ್ತಾಳೆ. ಅದು ಗಾಳಿಯಲ್ಲಿ ಒಂದು ಸುತ್ತು ಹೊಡೆದು ಕೋಟೆಯ ಗೋಡೆಯಾಚೆ ಮೋಡದೊಳಗೆ ಇಳಿದುಹೋಗುತ್ತದೆ. ಕೆಟ್ಟ ಹುಡುಗಿಯಲ್ಲ. ಖಾಲಿ ಪ್ಯಾಕೆಟ್ಟನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡಿದ್ದಾಳೆ. ಆ ಚೂರು ಕಸವೆಂದು ಅವಳಿಗೆ ಅನ್ನಿಸಿಲ್ಲ, ಅಷ್ಟೆ.

ಒಳಗೆ ಬೆಳ್ಳಿಯಂತೆ ಮಿಂಚುವ ಆ ಪ್ಯಾಕೆಟ್ಟಿನ ಕಥೆ ದೊಡ್ಡದು. ಹಲವು ಪದರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ವಸ್ತು ಅದು. ಪದರ ಬಿಡಿಸಲು ಬರುವುದಿಲ್ಲ, ಹಾಗಾಗಿ ಕರಗಿಸಿ ಮತ್ತೆ ಪ್ಲಾಸ್ಟಿಕ್ ಮಾಡುವವರು ಕೊಳ್ಳುವುದಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ, ಮರುಬಳಕೆಯಾಗದ ಇಂಥ ಬಹುಪದರದ ಪ್ಯಾಕೆಟ್ಟುಗಳನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕೆಂದಿತ್ತು. ಎರಡು ವರ್ಷ ತುಂಬುವ ಹೊತ್ತಿಗೆ, 2018ರ ಮಾರ್ಚಿನಲ್ಲಿ, ತಿದ್ದುಪಡಿ ಬಂತು: ಸುಟ್ಟು ಶಾಖ ಪಡೆಯಲೂ ಬಾರದ, ಬೇರೆ ಯಾವ ಉಪಯೋಗಕ್ಕೂ ಬಾರದ ಪ್ಯಾಕೆಟ್ಟಿಗೆ ಮಾತ್ರ ಆ ಮಾತು ಅನ್ವಯ. ಸುಟ್ಟರೆ ಶಾಖ ಬಾರದ ಪ್ಲಾಸ್ಟಿಕ್ ಯಾವುದಿದೆ? ಒಂದು ಸಾಲು ಸೇರಿಸಿ ಇಡೀ ನಿಯಮವನ್ನು ಖಾಲಿ ಮಾಡಿದರು. ಇವತ್ತು ಸ್ಕಂದಗಿರಿಯ ಬಿರುಕುಗಳಲ್ಲಿ ಹೊಳೆಯುತ್ತಿರುವುದರಲ್ಲಿ ಆ ಸಾಲಿಗೂ ಪಾಲಿದೆ. ಜನರಿಗೆ ಬುದ್ಧಿಯಿಲ್ಲ ಎಂದು ಬೈಯುವ ಮೊದಲು ಇದನ್ನೂ ನೆನೆಸಿಕೊಳ್ಳಬೇಕು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮಂಡಿ ಬೇಡವೆನ್ನುತ್ತದೆ. ಬಿಸಿಲೇರಿದ ಮೇಲೆ ದಾರಿಯ ಎರಡೂ ಬದಿ ಒಣಹುಲ್ಲು ಕಾಣುತ್ತದೆ. ಇನ್ನೆರಡು ತಿಂಗಳಿಗೆ ಇದು ಕಡ್ಡಿ ಗೀರಿದರೆ ಹತ್ತಿಕೊಳ್ಳುತ್ತದೆ. ಹಿಂದೆಲ್ಲ ರಾತ್ರಿ ಮೇಲೆ ಉಳಿದು ಬೆಂಕಿ ಹಾಕಿಕೊಳ್ಳುತ್ತಿದ್ದವರು ಬೆಳಗ್ಗೆ ಕಸವನ್ನೆಲ್ಲ ಅದೇ ಬೆಂಕಿಗೆ ಸುರಿದು, ಬೆಟ್ಟ ಚೊಕ್ಕಟ ಮಾಡಿದೆವೆಂದು ಇಳಿಯುತ್ತಿದ್ದರು. ಬಯಲಲ್ಲಿ ಕಸ ಸುಡುವುದು ಊರಿನಲ್ಲೂ ತಪ್ಪು, ಕಾಡಿನಲ್ಲಂತೂ ಅಪರಾಧ.

ಬುಡಕ್ಕೆ ಬಂದಿರಿ. ಚೀಲದಲ್ಲಿ ಚಪ್ಪಟೆಯಾದ ಬಾಟಲಿಗಳು, ಪ್ಯಾಕೆಟ್ಟುಗಳು, ಒರೆಸಿದ ಕಾಗದ. ದಾರಿಯಲ್ಲಿ ಹೆಕ್ಕಿದ ಒಂದಿಷ್ಟು ಬೇರೆಯವರದ್ದೂ ಇದೆ, ಆ ಬಗ್ಗೆ ನಿಮಗೆ ಸಣ್ಣ ಹೆಮ್ಮೆ. ಊರೊಳಗಿಂದ ಧ್ವನಿವರ್ಧಕ ಹಾಕಿಕೊಂಡು ಪಂಚಾಯಿತಿಯ ಸ್ವಚ್ಛ ವಾಹಿನಿ ಬರುತ್ತಿದೆ. ಓಡಿಸುತ್ತಿರುವವರು ಸಲ್ವಾರಿನ ಮೇಲೆ ಖಾಕಿ ಕೋಟು ತೊಟ್ಟ ಹೆಂಗಸು. ಹಿಂದೆ ಇನ್ನೊಬ್ಬರು ಕೈಗವಸು ಹಾಕಿಕೊಂಡು ನಿಂತಿದ್ದಾರೆ. ಇಬ್ಬರೂ ಸಂಜೀವಿನಿ ಒಕ್ಕೂಟದವರು. ಕರ್ನಾಟಕದ ಹಳ್ಳಿಗಳಲ್ಲಿ ಪಂಚಾಯಿತಿಗಳು ಕಸ ಸಂಗ್ರಹವನ್ನು ಸ್ವಸಹಾಯ ಗುಂಪುಗಳ ಈ ಒಕ್ಕೂಟಗಳಿಗೇ ಒಪ್ಪಂದದ ಮೇಲೆ ವಹಿಸುತ್ತಿವೆ. ಹೆಂಗಸರಿಗೆ ಚಾಲನೆ ಕಲಿಸಿ, ಲೈಸೆನ್ಸ್ ಕೊಡಿಸಿ ಗಾಡಿ ಕೊಟ್ಟಿರುವುದು ಈ ಯೋಜನೆಯ ಅತ್ಯುತ್ತಮ ಭಾಗ.

ಗಾಡಿ ನಿಂತ ಮನೆಗಳಿಂದ ಬರುತ್ತಿರುವುದನ್ನು ನೋಡಿ. ಒಂದೊಂದು ಚೀಲ, ಅದರಲ್ಲಿ ಒಣ ಕಸ ಮಾತ್ರ. ಹಸಿ ಕಸದ ಬಕೆಟ್ಟೇ ಇಲ್ಲ. ಅನ್ನ ಬಸಿದ ಗಂಜಿ, ತರಕಾರಿ ಸಿಪ್ಪೆ, ಮುದ್ದೆ ಪಾತ್ರೆ ತೊಳೆದ ನೀರು ಕಲಗಚ್ಚಾಗಿ ಹಸುವಿನ ಬಾನಿ ಸೇರಿತು. ರೇಷ್ಮೆ ಸಾಕುವ ಮನೆಯಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಹಿಕ್ಕೆ ತಿಪ್ಪೆಗೆ ಹೋಯಿತು. ಅತ್ತ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳುವಿಗೂ ಕೊಳ್ಳುವವರಿದ್ದಾರೆ. ನಗರಗಳು ಕೋಟಿಗಟ್ಟಲೆ ಸುರಿದು ಮಾಡಲಾಗದ ಹಸಿ ಕಸದ ವಿಲೇವಾರಿ ಇಲ್ಲಿ ಹಿತ್ತಲಲ್ಲೇ ಮುಗಿದಿರುತ್ತದೆ.

ಹಾಗೆಂದು ಹಳ್ಳಿಯಲ್ಲಿ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಟೊಮೆಟೊ, ಹೂವಿನ ತೋಟಗಳಿಗೆ ಹಾಸಿ ಕಿತ್ತ ಮಲ್ಚಿಂಗ್ ಶೀಟು ಮಣ್ಣು ಮೆತ್ತಿಕೊಂಡು ಬದುವಿನ ಮೇಲೆ ಬಿದ್ದಿದೆ. ಅದು ಮನೆಯ ಕಸದ ಲೆಕ್ಕಕ್ಕೂ ಬರುವುದಿಲ್ಲ, ಗುಜರಿಯವನಿಗೂ ಬೇಡ. ಕೊನೆಗೆ ಸಂಜೆ ಹೊತ್ತು ಕಡ್ಡಿ ಗೀರುತ್ತಾರೆ. ಮಗುವಿನ ಡೈಪರ್ ಹಳ್ಳಿಗೂ ಬಂದಿದೆ. ಅದನ್ನು ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡಿ ಎಂದು ಗಾಡಿಯ ಅಕ್ಕ ಒಂದು ಮನೆಯ ಮುಂದೆ ತೆಲುಗಿನಲ್ಲಿ, ಪಕ್ಕದ ಮನೆಯ ಮುಂದೆ ಕನ್ನಡದಲ್ಲಿ ಹೇಳುತ್ತಾರೆ. ಎರಡು ಕಡೆಯೂ ಆಗಲಿ ಆಗಲಿ ಎನ್ನುತ್ತಾರೆ.

ನೀವು ಮುಂದೆ ಹೋಗಿ ನಿಮ್ಮ ಚೀಲ ಚಾಚುತ್ತೀರಿ. ಅವರು ಅದನ್ನೊಮ್ಮೆ, ನಿಮ್ಮನ್ನೊಮ್ಮೆ ನೋಡುತ್ತಾರೆ.

"ಬೆಟ್ಟದ್ದಾ ಸಾರ್? ಯಾವೂರಿಂದ ತಂದಿದ್ರಿ?"

"ಬೆಂಗಳೂರು."

"ಅಲ್ಲಿಗೂ ಗಾಡಿ ಬರ್ತೈತಲ್ಲ?" ಎನ್ನುತ್ತಾರೆ ನಗುತ್ತಲೇ. ಬೇಡವೆನ್ನುವುದಿಲ್ಲ, ಕೈಯನ್ನೂ ಚಾಚುವುದಿಲ್ಲ.

ಅವರು ಹಾಗೇಕೆ ಅಂದರೆಂಬುದು ಅರ್ಥವಾಗಬೇಕಾದರೆ ಪಂಚಾಯಿತಿಯ ಸ್ವಚ್ಛ ಸಂಕೀರ್ಣದ ಒಳಗೆ ಹತ್ತು ನಿಮಿಷ ನಿಲ್ಲಬೇಕು. ತಗಡಿನ ಶೀಟಿನ ಶೆಡ್ಡು, ಒಳಗೆ ಗೂಡುಗೂಡಾಗಿ ಕಟ್ಟಿದ ಕಂಪಾರ್ಟ್‌ಮೆಂಟು, ನಡುವೆ ಸುರಿದ ರಾಶಿ. ಸುತ್ತ ಕೂತ ಹೆಂಗಸರ ಕೈ ಕಣ್ಣಿಗಿಂತ ಬೇಗ ಓಡುತ್ತದೆ. ಹಾಲಿನ ಕವರ್ ಒಂದು ಗೂಡಿಗೆ, ಬಾಟಲಿ ಒಂದಕ್ಕೆ, ಅದರ ಮುಚ್ಚಳ ಬೇರೆ ಚೀಲಕ್ಕೆ, ರಟ್ಟು, ಗಾಜು, ಹಳೇ ಚಪ್ಪಲಿ, ಎಣ್ಣೆ ಡಬ್ಬ. ಹಾಲಿನ ಕವರ್ ತೊಳೆದು ಕೊಟ್ಟಿದ್ದರೆ ಒಂದು ಬೆಲೆ, ಹುಳಿ ನಾತ ಹೊಡೆಯುತ್ತಿದ್ದರೆ ಇನ್ನೊಂದು. ಮಿಂಚುವ ಕವರುಗಳದ್ದೇ ಕೊನೆಯ ಗೂಡು, ಅದೇ ಎಲ್ಲಕ್ಕಿಂತ ಎತ್ತರ. ಮಾರಿದ್ದರಿಂದ ಬಂದ ದುಡ್ಡು, ಮನೆಮನೆಯಿಂದ ತಿಂಗಳಿಗೊಮ್ಮೆ ವಸೂಲಾಗುವ ಕಸದ ಶುಲ್ಕ, ಇವುಗಳಲ್ಲೇ ಒಕ್ಕೂಟ ನಡೆಯಬೇಕು. ಮಿಂಚುವ ಕವರನ್ನು ದೂರದ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಕಳಿಸಬೇಕು. ಅದಕ್ಕೆ ಲಾರಿ ತುಂಬುವಷ್ಟು ಕೂಡಬೇಕು, ಸಾಗಣೆಗೆ ದುಡ್ಡೂ ಬೇಕು. ನೀವು ಬೆಟ್ಟದ ಮೇಲೆ ತಿಂದು ಬಿಟ್ಟ ಚಿಪ್ಸಿನ ಕವರು, ತಿಂಗಳಿಗಿಷ್ಟು ಶುಲ್ಕ ಕೊಡುವ ಈ ಊರಿನ ಮನೆಗಳ ಖರ್ಚಿನಲ್ಲಿ ಆ ಪ್ರಯಾಣ ಮಾಡಬೇಕು. ಗಾಡಿಯ ಅಕ್ಕ ಕೈ ಚಾಚದೆ ಇದ್ದದ್ದು ಅದಕ್ಕೆ.

ಚೀಲವನ್ನು ಡಿಕ್ಕಿಗೆ ಹಾಕಿ ಹೊರಡುತ್ತೀರಿ. ಚಿಕ್ಕಬಳ್ಳಾಪುರದಲ್ಲಿ ತಿಂಡಿ. ವಾರಾಂತ್ಯದ ಕಾರುಗಳು ನಂದಿಗೆ, ಆವಲಗುರ್ಕಿಗೆ, ರಂಗಸ್ಥಳಕ್ಕೆ ಹರಿಯುತ್ತಿವೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಈ ಊರಿಗೂ ಬೆಂಗಳೂರಿಗೂ ಒಂದು ವಿಚಿತ್ರ ಲೇವಾದೇವಿ ಇದೆ. ಇಲ್ಲಿಂದ ದ್ರಾಕ್ಷಿ, ಗುಲಾಬಿ, ಸೊಪ್ಪು, ಹಾಲು ಅಲ್ಲಿಗೆ ಹೋಗುತ್ತವೆ. ಅಲ್ಲಿಂದ ಇಲ್ಲಿಗೆ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಕೊಳವೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ಬರುತ್ತದೆ. 65 ಕೆರೆ ತುಂಬಿಸುವ ಯೋಜನೆ ಅದು. ಊರ ಪಕ್ಕದ ಕಂದವಾರ ಕೆರೆಗೆ ನೀರು ಬಂದದ್ದು ಅದರಿಂದಲೇ. ಬತ್ತಿದ ಕೊಳವೆಬಾವಿಗಳ ಸೀಮೆಗೆ ಅದು ವರ. ಆದರೆ ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಕೊಡಿ ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ.

ಕಸದ ಕಥೆ ಇನ್ನೂ ಹಳೆಯದು. 2012ರಲ್ಲಿ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ತಿಪ್ಪೆ ಮುಚ್ಚಿತು. ಲಾರಿಗಳು ಮಂಡೂರಿಗೆ ತಿರುಗಿದವು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದು ತಡೆದರು. ಸ್ಕಂದಗಿರಿಯಿಂದ ಪಶ್ಚಿಮಕ್ಕಿರುವ ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಗರೇನಹಳ್ಳಿ, ಗುಂಡ್ಲಹಳ್ಳಿ ಕಡೆಯವರು ತಮ್ಮಲ್ಲಿ ಸುರಿದ ಬೆಂಗಳೂರಿನ ಕಸದಿಂದ ಬಾವಿ ನೀರು ಕೆಟ್ಟಿತೆಂದು ಧರಣಿ ಕೂತರು. ಊರ ಹೊರಗೆ ಒಯ್ದು ಸುರಿದರೆ ಕಸ ಮುಗಿಯಿತು ಎಂಬ ನಂಬಿಕೆಯ ಬೆಲೆಯನ್ನು ಈ ಹಳ್ಳಿಗಳು ತೆತ್ತಿವೆ. ಬೆಟ್ಟದ ಬುಡದ ಗಾಡಿಗೆ ಬೆಂಗಳೂರಿನ ಚೀಲ ಚಾಚುವುದು ಅದೇ ನಂಬಿಕೆಯ ಸಣ್ಣ ಕಂತು.

ಮನೆ ತಲುಪಿದಿರಿ. ಅಡುಗೆಮನೆಯಲ್ಲಿ ಹಸಿ ಕಸಕ್ಕೆ ಹಸಿರು ಬಕೆಟ್ಟು, ಬಚ್ಚಲಿನ ಹತ್ತಿರ ಸ್ಯಾನಿಟರಿ ಕಸಕ್ಕೆ ಕೆಂಪು ಬಕೆಟ್ಟು, ಬಾಗಿಲ ಹಿಂದೆ ಒಣ ಕಸಕ್ಕೆ ಚೀಲ. ಹೈಕೋರ್ಟು 2015ರ ಡಿಸೆಂಬರ್ 17ರಂದು ಬೆಂಗಳೂರಿಗೆ ವಿಧಿಸಿದ ಎರಡು ಬುಟ್ಟಿ, ಒಂದು ಚೀಲದ ನಿಯಮ ಇದು. ದೇಶಕ್ಕೆಲ್ಲ ಈಗ ಹೊಸ ನಿಯಮ ಬಂದಿದೆ. 2026ರ ಏಪ್ರಿಲ್ 1ರಿಂದ ಹಸಿ, ಒಣ, ಸ್ಯಾನಿಟರಿ ಕಸದ ಜೊತೆಗೆ ಬಲ್ಬು, ಅವಧಿ ಮೀರಿದ ಔಷಧಿ, ಬಣ್ಣದ ಡಬ್ಬಗಳಂಥ ವಿಶೇಷ ಕಾಳಜಿಯ ಕಸವನ್ನೂ ಬೇರೆ ಮಾಡಿ ನಾಲ್ಕು ಬಗೆಯಾಗಿ ಕೊಡಬೇಕು.

ಚಿತ್ರಾನ್ನದ ಕರಿಬೇವು ಹಸಿರು ಬಕೆಟ್ಟಿಗೆ ಬಿತ್ತು. ಮುಖ ಒರೆಸಿದ ಒದ್ದೆ ಕಾಗದ ಎಲ್ಲಿಗೆ? ಹಸಿಯಾಗಿದೆಯೆಂದು ಹಸಿರಿಗೆ ಹಾಕಬೇಡಿ. ಅದರಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ, ಗೊಬ್ಬರವಾಗುವುದಿಲ್ಲ. ಸುತ್ತಿ ಕೆಂಪಿಗೆ ಹಾಕಿ. ಬಾಟಲಿ, ಪ್ಯಾಕೆಟ್ಟು ಜಾಡಿಸಿ ಚೀಲಕ್ಕೆ. ಒಣ ಕಸದ ದಿನ ಬರುವವರೆಗೆ ಅಲ್ಲೇ ಇರುತ್ತವೆ. ಬೆಟ್ಟದ ಮೇಲೆ ತಿಂದದ್ದಕ್ಕೂ ಮನೆಯಲ್ಲಿ ತಿಂದದ್ದಕ್ಕೂ ಆ ಚೀಲದಲ್ಲಿ ವ್ಯತ್ಯಾಸವಿಲ್ಲ. ನಿಯಮವೂ ಹಾಗೇ ಇರಬೇಕು.

2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ಸಂಸ್ಥೆಯವರು 'ಕಸ ಸುರಿಯುವ ಹಬ್ಬ' ಎಂದು ಮಾಡಿದ್ದು ನೆನಪಿರಬೇಕು. ರಸ್ತೆಯಲ್ಲಿ ಕಸ ಎಸೆದು ಹೋದವರನ್ನು ಪತ್ತೆ ಹಚ್ಚಿ, ಅವರ ಮನೆ ಬಾಗಿಲಿಗೇ ಕಸ ಸುರಿದು ದಂಡ ಹಾಕಿದರು. ನೆರೆಹೊರೆಯವರ ಮುಂದೆ ಮಾನ ಕಳೆಯುವ ಆ ರೀತಿ ನನಗೆ ರುಚಿಸಲಿಲ್ಲ. ಆದರೆ ಕಸಕ್ಕೆ ಒಬ್ಬ ಒಡೆಯನಿದ್ದಾನೆ, ಅವನ ವಿಳಾಸವೂ ಇದೆ ಎಂಬ ಮಾತನ್ನು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಹೇಳಿದರು. ಸ್ಕಂದಗಿರಿಯಲ್ಲಿ ಪತ್ತೆ ಹಚ್ಚುವ ಶ್ರಮವೂ ಬೇಕಿಲ್ಲ. ಪ್ರತಿಯೊಬ್ಬರ ಹೆಸರು, ಫೋನ್ ನಂಬರು ಟಿಕೆಟ್ಟಿನಲ್ಲೇ ಇದೆ.

ಎವರೆಸ್ಟ್ ಹತ್ತುವವರು ತಲಾ 8 ಕೆ.ಜಿ. ಕಸ ಇಳಿಸಿ ತರಬೇಕೆಂದು ನೇಪಾಳ 2014ರಲ್ಲೇ ನಿಯಮ ಮಾಡಿತು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಪಕ್ಕದ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದವರಿಗೆ ವಾಪಸ್ ಕೊಡುತ್ತಾರೆ. ಕುಡಿದವನಿಂದಲೇ ಬಾಟಲಿ ವಾಪಸ್ ತರಿಸಲು ಆಗುವುದಾದರೆ, ಸೂರ್ಯೋದಯ ನೋಡಲು ಬಂದವರಿಂದ ಆಗದೇ? ಬೆಟ್ಟದ ಟಿಕೆಟ್ಟಿನ ಜೊತೆ ಒಂದು ಠೇವಣಿ ಇಡಿಸಿ. ಹತ್ತುವಾಗ ಬಾಟಲಿ, ಪ್ಯಾಕೆಟ್ಟು ಎಣಿಸಿ, ಇಳಿದ ಮೇಲೆ ಲೆಕ್ಕ ಒಪ್ಪಿಸಿದವರಿಗೆ ವಾಪಸ್ ಕೊಡಿ. ಒಪ್ಪಿಸದವರ ದುಡ್ಡು ಬುಡದ ಪಂಚಾಯಿತಿಯ ಒಕ್ಕೂಟಕ್ಕೆ ಹೋಗಲಿ. ಅರಣ್ಯ ಇಲಾಖೆಯಲ್ಲಿ ನನ್ನ ಕೇಳಿಕೆ ಇಷ್ಟೇ.

ಅದು ಜಾರಿಗೆ ಬರುವವರೆಗೆ, ಮುಂದಿನ ಶನಿವಾರ ಬೆಟ್ಟಕ್ಕೆ ಹೊರಟವರಲ್ಲಿ ಒಂದು ವಿನಂತಿ. ನೀರನ್ನು ಸ್ಟೀಲ್ ಬಾಟಲಿಯಲ್ಲಿ, ತಿಂಡಿಯನ್ನು ಡಬ್ಬಿಯಲ್ಲಿ ತನ್ನಿ. ಪ್ಯಾಕೆಟ್ ತರಲೇಬೇಕಿದ್ದರೆ ಮೂಲೆಯನ್ನು ಪೂರ್ತಿ ಕತ್ತರಿಸದೆ, ಚೂರು ಪ್ಯಾಕೆಟ್ಟಿಗೇ ಅಂಟಿಕೊಂಡಿರುವ ಹಾಗೆ ಹರಿಯಿರಿ. ಖಾಲಿಯಾದ ಮೇಲೆ ಅದನ್ನು ಕಳವಾರದಲ್ಲಿ ಬಿಡಬೇಡಿ, ಹೆದ್ದಾರಿಯ ಟೋಲ್ ಹತ್ತಿರ ಕಿಟಕಿಯಿಂದ ಬಿಸಾಡಬೇಡಿ. ನಿಮ್ಮ ಮನೆಯ ಒಣ ಕಸದ ಚೀಲಕ್ಕೇ ಹಾಕಿ.